ಆರಿದ ಮೇಲೆ ಚಾಲೂ ಆಗುವ ಗಾಡಿ

ಮೇ ತಿಂಗಳ ಮಧ್ಯಾಹ್ನ. ಗದಗಿನಿಂದ ಹುಬ್ಬಳ್ಳಿಗೆ ಬರುತ್ತಿದ್ದ ಪೆಟ್ರೋಲ್ ಕಾರು ಅಣ್ಣಿಗೇರಿ ದಾಟುತ್ತಲೇ ನಿಂತಿತು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಆರ್‌ಪಿಎಂ ಮುಳ್ಳು ಸೊನ್ನೆ ಬಿಟ್ಟು ಅಲುಗುವುದಿಲ್ಲ. ಸಂಜೆ ಗೋಕುಲ ರಸ್ತೆಯ ಗ್ಯಾರೇಜಿಗೆ ಬಂದಾಗ ಡ್ರೈವರ್ ಹೇಳಿದ್ದು: "ಅರ್ಧ ತಾಸು ಆರಿದ ಮ್ಯಾಲೆ ತಾನ ಚಾಲೂ ಆಗ್ತೈತ್ರಿ. ಹೋದ ತಿಂಗಳ ಕ್ರ್ಯಾಂಕ್ ಸೆನ್ಸರ್ ಹೊಸಾದು ಹಾಕ್ಸೇವ್ರಿ."

ಸ್ಕ್ಯಾನರ್ ಹಚ್ಚಿದರೆ ಎರಡು ದೋಷದ ಕೋಡ್: ಪಿ0335, ಪಿ0315. ಮೊದಲನೆಯದು ಕ್ರ್ಯಾಂಕ್ ಸೆನ್ಸರ್ (ಇಂಜಿನ್ನಿನ ಕ್ರ್ಯಾಂಕ್ ದಂಡ ತಿರುಗುವುದನ್ನು ಅಳೆಯುವ ಭಾಗ) ಸರ್ಕ್ಯೂಟಿನ ದೋಷ. ಸರ್ಕ್ಯೂಟ್ ಅಂದರೆ ಸೆನ್ಸರ್ ಒಂದೇ ಅಲ್ಲ. ಕಪ್ಲರ್ (ವೈರ್ ಜೋಡಿಸುವ ಪ್ಲಗ್), ವೈರ್, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಎಲ್ಲವೂ ಸೇರಿತು. ಕೋಡ್ ನೋಡಿ ಸೀದಾ ಸೆನ್ಸರ್ ಬದಲಿಸಿದವರು ಎಡವುವುದು ಇಲ್ಲೇ. ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಜೋಡಿಸುವ ಟೈಮಿಂಗ್ ಚೈನ್ ಜಿಗಿದಿದ್ದರೆ ಪಿ0016 ಬರಬಹುದಿತ್ತು, ಅದು ಇರಲಿಲ್ಲ.

ಇದು ಎರಡು ವೈರಿನ ಸೆನ್ಸರ್, ಒಳಗೆ ತಂತಿಸುರುಳಿ ಇರುವುದರಿಂದ ಓಮ್ (ರೆಸಿಸ್ಟೆನ್ಸ್) ಅಳೆಯಬಹುದು. (ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ಅಳತೆ ಬೇಡ, ಸಪ್ಲೈ, ಅರ್ತ್, ಸಿಗ್ನಲ್ ನೋಡಬೇಕು.) ಸೆನ್ಸರ್ ತುದಿಯಲ್ಲಿ 860 ಓಮ್, ಮ್ಯಾನುಯಲ್ ಹೇಳಿದ ಮಿತಿಯಲ್ಲೇ ಇತ್ತು. ಬಿಸಿ ಮಾಡಿದರೂ ಕಡಿಯಲಿಲ್ಲ. ಆಮೇಲೆ ಇಸಿಎಂ ಕಪ್ಲರ್ ಬಿಚ್ಚಿ, ಸೆನ್ಸರಿನ ವೈರ್ ಬರುವ ಎರಡು ಪಿನ್ನುಗಳಿಂದ ವೈರ್ ಸಮೇತ ಅಳೆಯುತ್ತ, ಇಂಜಿನ್ ಬಿಸಿ ಇರುವಾಗಲೇ ವೈರಿಂಗನ್ನು ಬೆರಳಿನಿಂದ ಅಲುಗಿಸುತ್ತ ಹೋದಾಗ ಸೈಲೆನ್ಸರ್ ಪೈಪಿನ ಹತ್ತಿರ ಮೀಟರ್ ಓಪನ್ (ಸಂಪರ್ಕ ಕಡಿದಿದೆ) ಎಂದು ತೋರಿಸಿತು. ಕ್ಲಿಪ್ ಮುರಿದು ವೈರ್ ಪೈಪಿಗೆ ಒರಗಿತ್ತು. ಮೇಲಿನ ಹೊದಿಕೆ ಕಾದು ಸೆಟೆದು, ಒಳಗಿನ ಎಳೆಗಳು ಕಡಿದಿದ್ದವು. ಆರಿದಾಗ ತುದಿಗಳು ಕೂಡುತ್ತಿದ್ದವು, ಕಾದಾಗ ಬಿಡುತ್ತಿದ್ದವು.

ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ, ಎರಡೂ ವೈರನ್ನು ಮೊದಲಿದ್ದಂತೆ ಹುರಿ ಮಾಡಿಯೇ ಕಟ್ಟಬೇಕು. ಆ ಹುರಿ ಬಿಚ್ಚಿದರೆ ಇಗ್ನಿಷನ್ನಿನ ವಿದ್ಯುತ್ ಗದ್ದಲ ಸಿಗ್ನಲ್ಲಿಗೆ ಸೇರಬಹುದು.

ಉಳಿದದ್ದು ಪಿ0315, ಅಂದರೆ ರೀಲರ್ನ್ (ಕ್ರ್ಯಾಂಕಿನ ಚಕ್ರದ ಹಲ್ಲುಗಳ ವ್ಯತ್ಯಾಸವನ್ನು ಇಸಿಎಂಗೆ ಮತ್ತೆ ಕಲಿಸುವುದು) ಆಗಿಲ್ಲ. ಹೋದ ತಿಂಗಳು ಸೆನ್ಸರ್ ಹಾಕಿದವರು ಅದನ್ನು ಬಿಟ್ಟಿದ್ದರು. ಕ್ರ್ಯಾಂಕಿನ ಚಕ್ರದ ಹಲ್ಲುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಆ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಇಸಿಎಂ ಮಿಸ್‌ಫೈರನ್ನು (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದನ್ನು) ಸರಿಯಾಗಿ ಗುರುತಿಸಲಾರದು. ಕೆಲವು ಕಾರುಗಳು ಓಡುತ್ತಲೇ ತಾವೇ ಕಲಿಯುತ್ತವೆ. ಇದಕ್ಕೆ ಸ್ಕ್ಯಾನರ್ ಬೇಕಿತ್ತು. ಪಿ0335 ಇರುವಾಗ ರೀಲರ್ನ್ ಕೊಟ್ಟರೆ ಗಾಡಿ ಒಪ್ಪುವುದಿಲ್ಲ, ಆದ್ದರಿಂದ ರಿಪೇರಿ ಮುಗಿಸಿ ಕೋಡ್ ಅಳಿಸಿದ ನಂತರವೇ ಈ ಕೆಲಸ.

ಕೂಲೆಂಟ್ 70 ಡಿಗ್ರಿ ದಾಟಿರಬೇಕು. ಎಸಿ, ಲೈಟ್ ಬಂದ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು ಬ್ರೇಕ್ ಪೆಡಲ್ ಒತ್ತಿರಬೇಕು. ಸ್ಕ್ಯಾನರ್ ಹೇಳಿದಾಗ ಎಕ್ಸಲರೇಟರ್ ಪೂರ್ತಿ ಒತ್ತಬೇಕು. ಒಂದು ಹಂತಕ್ಕೆ ಇಸಿಎಂ ತಾನೇ ಪೆಟ್ರೋಲ್ ಕಡಿಯುತ್ತದೆ, ಆ ಕ್ಷಣವೇ ಕಾಲು ತೆಗೆಯಬೇಕು. ಉರಿಯುವಿಕೆಯ ತಳ್ಳುವಿಕೆ ಇಲ್ಲದೆ ಇಂಜಿನ್ ಇಳಿಯುವಾಗಲೇ ಒಂದೊಂದು ಹಲ್ಲಿನ ಸಮಯ ಅಳೆಯುವುದು. ಮೊದಲ ಸಲ ಕಾಲು ತೆಗೆಯುವುದು ತಡವಾಗಿ ಫೇಲ್ ಆಯಿತು, ಎರಡನೇ ಸಲ ಆಯಿತು. ನಂತರ 30 ಸೆಕೆಂಡ್ ಕೀ ಆಫ್.

ಮರುದಿನ ಬಿಸಿಲೇರಿದ ಮೇಲೆ ಎಸಿ ಹಾಕಿಕೊಂಡೇ ಅಣ್ಣಿಗೇರಿತನಕ ಹೋಗಿ ಬರಲಾಯಿತು. ಗಾಡಿ ಎಲ್ಲೂ ನಿಲ್ಲಲಿಲ್ಲ. ಮುಂದೆ ನೋಡುವವರಿಗೆ ಗೊತ್ತಾಗಲೆಂದು ವೈರ್ ಬೆಸೆದ ಜಾಗವನ್ನು ಬಿಲ್ಲಿನಲ್ಲೇ ಬರೆದುಕೊಟ್ಟೆವು.