ವರ್ಷಾಂತ್ಯದ ಶಿಲ್ಕಿನ ಲೆಕ್ಕಗಳು: ಅಭ್ಯಾಸ ಹಾಳೆ ಎಲ್ಲಿಗೆ ಬಂತು

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ಮಾಡುತ್ತಿರುವ ಬೀಜಗಣಿತದ ಹಾಳೆಯಲ್ಲಿ ಬಡ್ಡಿಯಿಲ್ಲದ ಭಾಗ ಮುಗಿದಿದೆ. ಒಂದು ಖಾತೆಯಲ್ಲಿ 8,000 ರೂ. ಇದೆ, ವರ್ಷಕ್ಕೆ 1,500 ಸೇರುತ್ತದೆ. ಇನ್ನೊಂದರಲ್ಲಿ 14,000 ಇದೆ, ವರ್ಷಕ್ಕೆ 500 ತೆಗೆಯುತ್ತಾರೆ. ಶಿಲ್ಕು (ಖಾತೆಯಲ್ಲಿ ಉಳಿದ ಹಣ) ಸಮವಾಗುವುದು ಯಾವಾಗ? ವರ್ಷಗಳನ್ನು 'ವ' ಎಂದಿಟ್ಟರೆ 8000 + 1500ವ = 14000 − 500ವ, ಅಂದರೆ ವ = 3, ಎರಡರಲ್ಲೂ 12,500. ಇಲ್ಲಿ ತಪ್ಪುವುದು ದಿನಾಂಕ ಕೊಟ್ಟಾಗ ಮಾತ್ರ: 2021ರ ಮಾರ್ಚ್ 31ರಿಂದ 2024ರ ಮಾರ್ಚ್ 31ಕ್ಕೆ ಮೂರೇ ವರ್ಷ, ಇಸವಿಗಳನ್ನು ಎಣಿಸಿದವರು ನಾಲ್ಕು ಬರೆಯುತ್ತಾರೆ.

ಈಗ ಕೈಯಲ್ಲಿರುವುದು ಬಡ್ಡಿಯ ಭಾಗ. ಬದಿಯಡ್ಕದ ಕೃಷಿಕರೊಬ್ಬರು ಅಡಿಕೆ ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟರು. ಪ್ರತಿ ವರ್ಷದ ಕೊನೆಗೆ ಶೇ. 10 ಬಡ್ಡಿ ಜಮೆಯಾದ ಮೇಲೆ 3,000 ತೆಗೆಯುತ್ತಾರೆ. ಎರಡನೇ ವರ್ಷದ ಹಣ ತೆಗೆದ ಮೇಲೆ ಉಳಿದದ್ದು 17,900. ಮೊದಲು ಇಟ್ಟದ್ದೆಷ್ಟು? (ಶೇ. 10 ಲೆಕ್ಕದ ಅನುಕೂಲಕ್ಕೆ ಇಟ್ಟ ದರ.)

ಆರಂಭದ ಶಿಲ್ಕು 'ಅ' ಆಗಲಿ. ಮೊದಲ ವರ್ಷದ ಕೊನೆಗೆ 1.1ಅ − 3000. ಅದನ್ನೇ ಆವರಣದಲ್ಲಿಟ್ಟು ಮತ್ತೆ 1.1ರಿಂದ ಗುಣಿಸಿ 3000 ಕಳೆದರೆ 1.21ಅ − 6300 = 17900, ಅ = 20,000. 6300ರ ಬದಲು 6000 ಬರೆದರೆ ಉತ್ತರ 19,752.07 ಆಗುತ್ತದೆ. ಮೊದಲ ವರ್ಷ ತೆಗೆದ 3,000ಕ್ಕೆ ಎರಡನೇ ವರ್ಷ ಬರಬೇಕಿದ್ದ 300 ಬಡ್ಡಿಯೂ ಹೋಯಿತಲ್ಲ, ಆ 300 ಬಿಟ್ಟುಹೋಗಿರುತ್ತದೆ. ಆವರಣ ಹಾಕದೆ ಬರೆದವರಿಗೆ ಇದು ಖಂಡಿತ ತಪ್ಪುತ್ತದೆ.

ಕೊನೆಯಿಂದ ಮೊದಲಿಗೆ ಬರುವ ದಾರಿಯೂ ಇದೆ, ನಮಗೆ ಅದೇ ಹೆಚ್ಚು ಇಷ್ಟ. 17900 + 3000 = 20900; 1.1ರಿಂದ ಭಾಗಿಸಿದರೆ 19000. ಮತ್ತೆ 3000 ಕೂಡಿಸಿ ಭಾಗಿಸಿದರೆ 20000. ಭಾಗಿಸುವ ಬದಲು 20900ರಿಂದ ಶೇ. 10 ಕಳೆದು 18810 ಮಾಡುವುದೇ ಇಲ್ಲಿಯ ದೊಡ್ಡ ಗುಂಡಿ. ಬಡ್ಡಿ ಬಂದದ್ದು 19000ದ ಮೇಲೆ 1900. 20900ರ ಮೇಲೆ 2090 ಅಲ್ಲ. ಹಾಗೆ ಹೋದವರು ಕೊನೆಗೆ 19,629ಕ್ಕೆ ನಿಲ್ಲುತ್ತಾರೆ. ತಾಳೆ ನೋಡಿದರೆ ಎರಡು ವರ್ಷಕ್ಕೆ 17,451.09 ಮಾತ್ರ ಸಿಗುತ್ತದೆ. ಅದಕ್ಕೇ ಪ್ರತಿ ಲೆಕ್ಕದ ಕೆಳಗೆ ಪಾಸ್‌ಬುಕ್ಕಿನ ಹಾಗೆ ಆರಂಭದ ಶಿಲ್ಕು, ಬಡ್ಡಿ, ತೆಗೆದದ್ದು, ಅಖೈರು (ಕೊನೆಯ) ಶಿಲ್ಕು ಎಂಬ ನಾಲ್ಕು ಅಂಕಣ ಹಾಕಿದ್ದೇವೆ. ಉತ್ತರ ಬಂದ ಮೇಲೆ ಅದನ್ನು ತುಂಬಲೇಬೇಕು.

ಪ್ರಶ್ನೆಯ ಮಾತೂ ಬಿಗಿಯಾಗಿರಬೇಕು. "ವರ್ಷಕ್ಕೆ 3,000 ತೆಗೆಯುತ್ತಾರೆ, ಎರಡನೇ ವರ್ಷದ ಕೊನೆಗೆ ಉಳಿದದ್ದು 17,900" ಎಂದಷ್ಟೇ ಬರೆದರೆ ವರ್ಷದ ಮೊದಲಿಗೆ ಎಂದೂ ಓದಬಹುದು, ಆಗ 1.21ಅ − 6930 = 17900, ಉತ್ತರ 20,520.66. ಎರಡೂ ಸರಿಯೇ. ಇಂಥ ಪ್ರಶ್ನೆ ಮಕ್ಕಳ ಮುಂದೆ ಇಡಬಾರದು.

ಮುಂದಿನ ಸರದಿ ವರ್ಷದ ನಡುವೆ ಹಾಕಿದ ಹಣದ್ದು: ಅಕ್ಟೋಬರ್ 1ಕ್ಕೆ 4,000 ಹಾಕಿದರೆ ಮಾರ್ಚ್ 31ಕ್ಕೆ ಅದಕ್ಕೆ ಅರ್ಧ ವರ್ಷದ ಬಡ್ಡಿ 200 ಮಾತ್ರ. ಏನೂ ತೆಗೆಯದಿದ್ದರೆ ಆಗ ಮೊದಲ ವರ್ಷದ ಸಾಲು 1.1ಅ + 4200.