ಜಪಾನ್ ಬೇಸ್‌ಬಾಲ್: ಪಟ್ಟಿ ನೋಡುವ ಮೊದಲು ಮಳೆ ಲೆಕ್ಕ ನೋಡಿ

ಮೂಡಿಗೆರೆ, ಸಕಲೇಶಪುರದ ಕಡೆ ಹೂಮಳೆಗೆ ಕಾಯುವ ಮಾರ್ಚ್ ಕೊನೆಯಲ್ಲಿ ಜಪಾನಿನ ಬೇಸ್‌ಬಾಲ್ ಶುರು. ಅರೇಬಿಕಾ ಕೊಯ್ಲಿಗೆ ಬರುವ ಹೊತ್ತಿಗೆ ಮುಗಿಯುತ್ತದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ಸಂಜೆ 6ರ ಪಂದ್ಯ ಚಿಕ್ಕಮಗಳೂರಿನಲ್ಲಿ ಮಧ್ಯಾಹ್ನ 2.30ಕ್ಕೆ. ನಿದ್ದೆಗೆಡುವ ಪ್ರಮೇಯವೇ ಇಲ್ಲ.

ಸೆಂಟ್ರಲ್, ಪೆಸಿಫಿಕ್ ಎಂಬ ಎರಡು ಲೀಗ್, ತಲಾ 6 ತಂಡ. ಒಂದು ತಂಡಕ್ಕೆ 143 ಪಂದ್ಯ: ತನ್ನ ಲೀಗಿನ ಐವರ ಜೊತೆ 25ರಂತೆ 125, ಆಚೆ ಲೀಗಿನ ಆರು ತಂಡಗಳ ಜೊತೆ 3ರಂತೆ 18. ನಮ್ಮ ಐಪಿಎಲ್‌ನ ಹಾಗೆ ಇಲ್ಲಿ ಪಾಯಿಂಟ್ ಇಲ್ಲ. 12 ಇನಿಂಗ್ಸ್ (ಎರಡೂ ತಂಡ ಒಮ್ಮೊಮ್ಮೆ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್) ಆದರೂ ತೀರ್ಮಾನವಾಗದಿದ್ದರೆ ಟೈ, ಅದನ್ನು ಲೆಕ್ಕದಿಂದಲೇ ಬಿಡುತ್ತಾರೆ. ಗೆಲುವನ್ನು ಗೆಲುವು-ಸೋಲಿನ ಮೊತ್ತದಿಂದ ಭಾಗಿಸಿ ಸ್ಥಾನ ಕೊಡುತ್ತಾರೆ. 2024ರಲ್ಲಿ ಸೆಂಟ್ರಲ್ ಲೀಗ್ ಗೆದ್ದ ಟೋಕಿಯೊದ ಜೈಂಟ್ಸ್ 77 ಗೆಲುವು, 59 ಸೋಲು, 7 ಟೈ: .566. ಎರಡನೇ ಸ್ಥಾನದ ಹಾನ್ಶಿನ್ ಟೈಗರ್ಸ್ 74-63. ಗೆಲುವಿನ ಅಂತರ 3, ಸೋಲಿನ ಅಂತರ 4, ಕೂಡಿಸಿ ಅರ್ಧ ಮಾಡಿದರೆ ಮೂರೂವರೆ ಪಂದ್ಯ ಹಿಂದೆ.

ಆದರೆ ಈ ಅಂತರವನ್ನು ಜುಲೈ, ಆಗಸ್ಟಿನಲ್ಲಿ ನಂಬಬೇಡಿ. ನಮ್ಮಲ್ಲಿ ಮೃಗಶಿರದಿಂದ ಪುನರ್ವಸುವರೆಗೆ ಮಳೆ ಹಿಡಿಯುವ ದಿನಗಳಲ್ಲೇ ಜಪಾನಿನ ಮುಖ್ಯ ದ್ವೀಪದಲ್ಲೂ ಮಳೆಗಾಲ. ಸೆಂಟ್ರಲ್ ಲೀಗಿನಲ್ಲಿ ಟೋಕಿಯೊ, ನಗೋಯಾಗೆ ಮಾತ್ರ ಮುಚ್ಚಿದ ಡೋಮ್. ಹಾನ್ಶಿನ್ ತಂಡದ ಕೋಶಿಯೆನ್, ಜಿಂಗು, ಯೊಕೊಹಾಮಾ, ಹಿರೋಶಿಮಾ ನಾಲ್ಕೂ ಬಯಲು ಮೈದಾನ. ಡಕ್‌ವರ್ತ್-ಲೂಯಿಸ್ ತರಹದ ಸೂತ್ರವೂ ಇಲ್ಲ. ಐದು ಇನಿಂಗ್ಸ್ ದಾಟುವ ಮೊದಲೇ ಮಳೆ ನಿಲ್ಲಿಸಿದರೆ ಆಡಿದ್ದೆಲ್ಲ ನೀರುಪಾಲು, ಇನ್ನೊಂದು ದಿನ ಮೊದಲಿಂದ ಆಡಬೇಕು.

1924ರಲ್ಲಿ ಕಟ್ಟಿದ ಕೋಶಿಯೆನ್‌ನಲ್ಲಿ ಇನ್ನೊಂದು ತೊಡಕು. ಬೇಸ್‌ಗಳಿರುವ ಒಳ ಅಂಗಳದಲ್ಲಿ ಹುಲ್ಲೇ ಇಲ್ಲ, ಪೂರ್ತಿ ಮಣ್ಣು. ಕಪ್ಪು ಮಣ್ಣಿಗೆ ಮರಳು ಬೆರೆಸಿ ಹದ ಮಾಡುತ್ತಾರೆ. ಮಳೆ ಜಾಸ್ತಿ ಇರುವ ವಸಂತದಲ್ಲಿ ನೀರು ಬಸಿಯಲೆಂದು ಮರಳು ಹೆಚ್ಚು, ಬೇಸಿಗೆಯಲ್ಲಿ ಬಿಳಿ ಚೆಂಡು ಎದ್ದು ಕಾಣಲೆಂದು ಕಪ್ಪು ಮಣ್ಣು ಹೆಚ್ಚು. ನೆಂದ ದಿನ ನೆಲಕ್ಕೆ ಬಿದ್ದ ಚೆಂಡು ವೇಗ ಕಳೆದುಕೊಳ್ಳುತ್ತದೆ. ಆಗಸ್ಟಿನಲ್ಲಿ ಹೈಸ್ಕೂಲ್ ಪಂದ್ಯಾವಳಿಗೆ ಇದೇ ಮೈದಾನ ಬಿಟ್ಟುಕೊಡುವುದರಿಂದ ಹಾನ್ಶಿನ್ ಅಲ್ಲಿ ಬಾಕಿ ಪಂದ್ಯ ತೀರಿಸುವಂತಿಲ್ಲ. ಎಲ್ಲ ಸೆಪ್ಟೆಂಬರಿಗೆ ಜಾರುತ್ತದೆ.

ಹೀಗೆ ಪಂದ್ಯ ಜಾರಿದಾಗ ಪೆಟ್ಟು ಬೀಳುವುದು ಚೆಂಡೆಸೆಯುವ ಪಿಚರ್‌ಗಳಿಗೆ. ಸಾಮಾನ್ಯವಾಗಿ ಸೋಮವಾರ ರಜೆ, ಮಂಗಳವಾರದಿಂದ ಭಾನುವಾರದವರೆಗೆ ಆರು ಪಂದ್ಯ, ಪಂದ್ಯ ಶುರು ಮಾಡಲು ಆರು ಜನ ಪಿಚರ್, ಒಬ್ಬೊಬ್ಬರಿಗೆ ವಾರಕ್ಕೊಂದು ದಿನ. ಮಂಗಳವಾರ ಮಳೆ ಬಂದರೆ ಅವತ್ತಿನವನನ್ನು ಬುಧವಾರ ಇಳಿಸಬೇಕು, ಇಲ್ಲವೇ ಒಂದು ಸರದಿ ಬಿಡಿಸಬೇಕು. ಹೆಸರು ತೆಗೆದು ಕೆಳ ತಂಡಕ್ಕೆ ಕಳಿಸಿದರೆ 10 ದಿನ ವಾಪಸ್ ಸೇರಿಸುವಂತಿಲ್ಲ. ಬಾಕಿ ಪಂದ್ಯಗಳು ಸೋಮವಾರಕ್ಕೂ ಬಂದು ಕೂತಾಗ ಏಳನೆಯವನು ಬೇಕು, ಆ ಏಳನೆಯವನು ಬಹುತೇಕ ತಂಡಗಳಲ್ಲಿ ದುರ್ಬಲ. ಹಾಗಾಗಿ ಮುಂದಿರುವ ತಂಡಕ್ಕೆ ಎಷ್ಟು ಪಂದ್ಯ ಬಾಕಿ, ಎಷ್ಟು ಬಿಡುವಿನ ದಿನ ಉಳಿದಿವೆ ಎಂದು ಎಣಿಸಿಯೇ ಪಟ್ಟಿ ಓದಿ.

ಮೂರನೇ ಸ್ಥಾನಕ್ಕೂ ಇದೇ ಲೆಕ್ಕ ಮುಖ್ಯ, ಯಾಕೆಂದರೆ ಮೊದಲ ಮೂವರಿಗೆ ಕ್ಲೈಮ್ಯಾಕ್ಸ್ ಸರಣಿಯಲ್ಲಿ ಜಾಗ. ಎರಡನೆಯವರ ಮೈದಾನದಲ್ಲಿ 2-3ರ ನಡುವೆ ಮೂರು ಪಂದ್ಯ. ಗೆದ್ದವರು ಲೀಗ್ ಚಾಂಪಿಯನ್ನರ ಮೈದಾನಕ್ಕೆ ಹೋಗಬೇಕು, 2024ರ ನಿಯಮದಂತೆ ಚಾಂಪಿಯನ್ನರಿಗೆ ಆಡುವ ಮೊದಲೇ ಒಂದು ಗೆಲುವು ಜಮಾ. ನಾಲ್ಕು ಗೆಲುವು ಮುಟ್ಟಿದವರು ಎರಡು ಲೀಗ್‌ಗಳ ನಡುವಿನ ಅಂತಿಮ ಹಣಾಹಣಿಯಾದ ಜಪಾನ್ ಸರಣಿಗೆ. ಮೂರನೆಯವರೂ ಕಪ್ ಗೆಲ್ಲಬಹುದಾದರೂ ಈ ವ್ಯವಸ್ಥೆ ನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ. 2024ರಲ್ಲಿ 71-69ರ ಯೊಕೊಹಾಮಾ ಬೇಸ್ಟಾರ್ಸ್, ಜೈಂಟ್ಸ್‌ಗಿಂತ 8 ಪಂದ್ಯ ಹಿಂದಿದ್ದ ತಂಡ, ಹಾನ್ಶಿನ್ ದಾಟಿ, ಜೈಂಟ್ಸ್ ದಾಟಿ, 91 ಪಂದ್ಯ ಗೆದ್ದಿದ್ದ ಪೆಸಿಫಿಕ್ ಲೀಗಿನ ಸಾಫ್ಟ್‌ಬ್ಯಾಂಕ್ ಎದುರು ಜಪಾನ್ ಸರಣಿಯಲ್ಲಿ ನಿಂತಿತು. ಮೊದಲ ಎರಡು ಪಂದ್ಯ ಮನೆಯಂಗಳದಲ್ಲೇ ಸೋತು, ಆಮೇಲಿನ ನಾಲ್ಕನ್ನೂ ಗೆದ್ದಿತು.