ಗೋಕಾಕ ಫಾಲ್ಸ್‌ನ ತೂಗು ಸೇತುವೆ ನೋಡಲು ಹೋಗುವವರಿಗೆ

ಗೋಕಾಕ ಫಾಲ್ಸ್‌ಗೆ ಹೋದವರು ನೀರು ನೋಡಿ, ಸೆಲ್ಫಿ ತಗೊಂಡು, ಸುಟ್ಟ ಗೋಂಜಾಳದ ತೆನೆ ತಿಂದು ವಾಪಸ್ ಬರುತ್ತಾರೆ. ಬ್ರಿಟಿಷರ ಕಾಲದ ತೂಗು ಸೇತುವೆ ಫೋಟೊದ ಹಿಂದೆಲ್ಲೋ ಒಂದು ಗೆರೆಯಾಗಿ ಉಳಿದಿರುತ್ತದೆ, ಅಷ್ಟೇ. ನಾವು ಈ ಸಲ ಸೇತುವೆ ನೋಡಲಿಕ್ಕೆ ಅಂತಲೇ ಹೋಗಿದ್ದೆವು. ಅದೇ ಆಸೆ ಇರುವವರಿಗೆ ಈ ಬರಹ.

ಯಾವಾಗ ಹೋಗಬೇಕು? ಜುಲೈ, ಆಗಸ್ಟ್‌ನಲ್ಲಿ ಘಟಪ್ರಭಾ ಕೆಂಪಗೆ ತುಂಬಿ, 52 ಮೀಟರ್ ಎತ್ತರದಿಂದ ಧುಮ್ಮಿಕ್ಕುತ್ತದೆ. ಜಲಪಾತ ನೋಡಲು ಅದೇ ಸರಿ. ಸೇತುವೆಗಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಒಳ್ಳೇದು. ನೀರು ಸ್ವಲ್ಪ ಇಳಿದು ಹಾಸುಬಂಡೆ ಕಾಣುತ್ತದೆ. ಆಗಲೇ ಗೊತ್ತಾಗೋದು, ಬಂಡೆಯಿಂದ ಸುಮಾರು 14 ಮೀಟರ್ ಮೇಲೆ, 201 ಮೀಟರ್ ಉದ್ದಕ್ಕೆ ಇದನ್ನು ಹೇಗೆ ತೂಗುಹಾಕಿದ್ದಾರೆ ಅಂತ. ಭಾನುವಾರ ಮಾತ್ರ ಬೇಡ. ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಬೆಳಗಾವಿಯಿಂದ ಗೋಕಾಕಕ್ಕೆ ಬಸ್ಸಿಗೆ ತೊಂದರೆ ಇಲ್ಲ. ಊರಿಂದ ಫಾಲ್ಸ್ 6 ಕಿಲೋಮೀಟರ್ ಅಷ್ಟೇ, ಆಟೋ ಸಿಗುತ್ತದೆ. ರೈಲಿನಲ್ಲಿ ಬರುವವರಿಗೆ ಘಟಪ್ರಭಾ ಸ್ಟೇಷನ್ ಇದೆ, ಗೋಕಾಕ ರೋಡ್ ಸ್ಟೇಷನ್ನೂ ಇದೆ. ಹೊಳೆ ಜಾಸ್ತಿ ಬಂದಾಗ ಲೋಳಸೂರ ಸೇತುವೆ ಮುಳುಗಿ ರಸ್ತೆ ಬಂದ್ ಆಗುತ್ತದೆ. 2019ರ ಪ್ರವಾಹದಲ್ಲಿ ಗೋಕಾಕ ಊರೊಳಗೇ ನೀರು ನುಗ್ಗಿತ್ತು. ಹಾಗಾಗಿ ಮಳೆಗಾಲದಲ್ಲಿ ಹೊರಡೋ ಮುಂಚೆ ಅಲ್ಲಿಯವರಿಗೆ ಒಂದು ಫೋನ್ ಮಾಡಿ ಕೇಳಿ.

ಸೇತುವೆ ದಾಟಲು ಬಿಡ್ತಾರಾ? ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ. ನಾವು ಹೋದಾಗ ಗೇಟಿಗೆ ಬೀಗ ಇತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಾರೊಬ್ಬರು ನಕ್ಕರು: ‘ನಾವು ಸಣ್ಣಾವ್ರಿದ್ದಾಗ ಅಪ್ಪಗ ಬುತ್ತಿ ಕೊಡಾಕ ಇದರ ಮ್ಯಾಲೇ ಓಡ್ತಿದ್ವಿ ನೋಡ್ರಿ. ಈಗ ಬಿಡಂಗಿಲ್ಲ. ಬಿಡದಿದ್ರನ ಚಲೋ.’ ಅವರ ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದರಂತೆ.

ಇಲ್ಲಿಯ ಕಥೆಯೆಲ್ಲ ಆ ಮಿಲ್ಲಿನದೇ. ಗೋಕಾಕ ಮಿಲ್ಸ್ ಶುರುವಾಗಿದ್ದು 1885ರಲ್ಲಿ. ನೂಲಿನ ಯಂತ್ರ ತಿರುಗಿಸಲು ಜಲಪಾತದ ನೀರನ್ನೇ ಬಳಸಿದರು. 1887ರಲ್ಲೇ ಇಲ್ಲಿ ವಿದ್ಯುತ್ ತೆಗೆದರು ಎನ್ನುತ್ತಾರೆ. ಶಿವನಸಮುದ್ರದ ಕರೆಂಟು ಕೋಲಾರಕ್ಕೆ ಹೋಗಿದ್ದು 1902ರಲ್ಲಿ ಅನ್ನೋದು ನೆನಪಿದ್ದರೆ ಇದರ ತೂಕ ಗೊತ್ತಾಗುತ್ತದೆ.

ಬೀಗ ಹಾಕಿದ್ದರೂ ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಆಚೆ ಕಾಣುವ ಸೇತುವೆಯ ಹಲಗೆಗಳನ್ನು ನೋಡಿ. ಎಲ್ಲ ಒಂದೇ ಬಣ್ಣ ಇಲ್ಲ. ಕೆಲವು ಕಪ್ಪಗಾಗಿ ಸೀಳು ಬಿಟ್ಟಿವೆ, ನಡುವೆ ಒಂದೆರಡು ಬಿಳಚಿಕೊಂಡಿವೆ. ಬೋಲ್ಟಿನ ತಲೆಯ ಸುತ್ತ ತುಕ್ಕಿನ ಕಲೆ ಮರದೊಳಗೆ ಇಳಿದಿದೆ. ಮರದ ಸೇತುವೆ ಲಡ್ಡಾಗಲು ಶುರುವಾಗೋದೇ ಇಂಥ ಕಡೆ. ತೂತಿನಲ್ಲಿ ಮಳೆನೀರು ನಿಲ್ಲುತ್ತದೆ, ಮೇಲೆ ಗಟ್ಟಿ ಕಂಡರೂ ಒಳಗೆ ಕೊಳೆಯುತ್ತದೆ. ಸ್ವಿಟ್ಜರ್ಲೆಂಡಿನ ಲುಸರ್ನ್‌ನಲ್ಲಿ 14ನೇ ಶತಮಾನದ ಮರದ ಸೇತುವೆಯೊಂದಕ್ಕೆ ಉದ್ದಕ್ಕೂ ಚಾವಣಿ ಇದೆ. ಅಂಥ ಚಾವಣಿಯ ಮುಖ್ಯ ಕೆಲಸ ಮರ ನೆನೆಯದಂತೆ ಕಾಯುವುದು. ಗಾಳಿಗೆ ತೂಗುವ ಸೇತುವೆಗೆ ಹಾಗೆ ಮಾಳಿಗೆ ಕಟ್ಟಲು ಆಗುತ್ತಾ? ಹಲಗೆ ಸವೆಯುತ್ತಲೇ ಇರುತ್ತದೆ, ಬದಲಿಸುತ್ತಲೇ ಇರಬೇಕು.

ಆದರೆ ಹಲಗೆ ಹೊಸದಾದರೆ ಸಾಲದು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಇದೇ ಕಾಲದ ತೂಗು ಸೇತುವೆ ಹರಿದುಬಿತ್ತು. 135 ಜನ ಸತ್ತರು. ರಿಪೇರಿ ಮುಗಿಸಿ ಕೆಲವೇ ದಿನಗಳ ಹಿಂದೆ ತೆರೆದಿದ್ದರು. ಮರ ತೆಗೆದು ಅಲ್ಯುಮಿನಿಯಂ ನೆಲ ಹಾಕಿದ್ದರು, ಭಾರ ಹೊರುವ ಹಳೇ ಕೇಬಲ್ ಹಾಗೇ ಬಿಟ್ಟಿದ್ದರು. ಒಂದು ಕೇಬಲ್ಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು. ಗೋಕಾಕದಲ್ಲಿ ಗೇಟ್ ಮುಚ್ಚಿದ್ದರೆ ಕಾವಲಿನವರ ಜೊತೆ ಜಗಳಕ್ಕೆ ನಿಲ್ಲಬೇಡಿ. ತೆರೆದಿದ್ದರೂ ಗುಂಪು ಕಟ್ಟಿಕೊಂಡು ಹೆಜ್ಜೆ ಕೂಡಿಸಿ ನಡೆಯುವುದು, ಸುಮ್ನೆ ಮಜಾಕ್ಕೆ ಅಲುಗಾಡಿಸುವುದು ಬೇಡ. ನನಗಂತೂ ಇದನ್ನು ಪೂರ್ತಿ ಮುಚ್ಚಿಟ್ಟು ಮರೆತುಬಿಡುವುದೂ ಇಷ್ಟವಿಲ್ಲ. ಕೇಬಲ್, ಅದನ್ನು ನೆಲಕ್ಕೆ ಬಿಗಿದ ಜಾಗ ಎಲ್ಲ ಪರೀಕ್ಷೆ ಮಾಡಿಸಿ, ಒಂದು ಸಲಕ್ಕೆ ಇಷ್ಟೇ ಜನ ಅಂತ ಟಿಕೆಟ್ ಇಟ್ಟು ಬಿಡಬಹುದು. ರೊಕ್ಕ ಕೊಡಲು ಜನ ತಯಾರಿದ್ದಾರೆ.

ಜಲಪಾತದ ಹತ್ತಿರ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ, ಬಿಡಬೇಡಿ. ಬಂಡೆಗಳ ಮೇಲೆ ಪಾಚಿ ಇರುತ್ತದೆ. ಚಪ್ಪಲಿ ಜಾರುತ್ತೆ, ಮಕ್ಕಳ ಕೈ ಬಿಡಬೇಡಿ. ಮಂಗಗಳಿವೆ, ತಿಂಡಿ ಚೀಲದೊಳಗೇ ಇರಲಿ. ಸಮಯ ಉಳಿದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತವನ್ನೂ ಸೇರಿಸಿಕೊಳ್ಳಬಹುದು, ಆದರೆ ಅಲ್ಲಿಗೆ ಸ್ವಂತ ಗಾಡಿ ಇದ್ದರೇ ಅನುಕೂಲ. ಕರದಂಟನ್ನು ವಾಪಸ್ ಬರುವಾಗ ಗೋಕಾಕ ಪೇಟೆಯಲ್ಲೇ ತಗೊಳ್ಳಿ. ಬಾಯಿಗೆ ಹಾಕಿ ನೋಡಿ, ಅಂಟು ಚೆನ್ನಾಗಿ ಹುರಿದಿದ್ದರೆ ಮಾತ್ರ ಕಟ್ಟಿಸಿಕೊಳ್ಳಿ.